ಹತ್ತು ನಿಮಿಷ, ನೊರೆ

ಮಂಗಳವಾರ. ವಾಗಾ ವಾಗಾ. ಹೊರಗೆ ನಲವತ್ತೊಂದು ಡಿಗ್ರಿ.
ಮರಂಬಿಜಿ ಹೊಳೆ ಕೂಡ ಇವತ್ತು ನೆರಳು ಹುಡುಕಿಕೊಂಡು
ಗಮ್ ಮರಗಳ ಬುಡಕ್ಕೆ ಸರಿದಂತಿದೆ.

ಸ್ಟೀಲಿನ ತೊಟ್ಟಿಯಲ್ಲಿ ನಿಂತಿದ್ದಾನೆ ಗ್ರೇವಿ,
ಐದು ವರ್ಷದ ಸ್ಟ್ಯಾಫಿ. ಹೊಟ್ಟೆಯ ತುಂಬ ಕೆಂಪು ಗುಳ್ಳೆ,
ಕಂಕುಳಲ್ಲಿ ಕಲ್ಲುಪ್ಪಿನ ಬಣ್ಣದ ಹಕ್ಕಳೆ,
ಕೆರೆದು ಕೆರೆದು ಒಂದು ಕಡೆ ಚರ್ಮ
ಹಳೆಯ ಚಪ್ಪಲಿಯ ಅಟ್ಟೆಯ ಹಾಗೆ.
ಮೂರು ಸಲ ಮಾತ್ರೆ ಬದಲಾಯಿತು.
ಮೂರನೆಯದಕ್ಕೂ ಅವು ಒಗ್ಗಿಕೊಂಡವು,
ಬಾಡಿಗೆಯವರು ಮನೆಯೊಡೆಯನ ಬೈಗುಳಕ್ಕೆ ಒಗ್ಗುವಂತೆ.

"ಇದರಲ್ಲೇನಿದೆ?" ಬಾಟಲಿ ತಿರುಗಿಸಿ ಕೇಳುತ್ತಾಳೆ ನೊಯೆಲೀನ್,
ಮೂವತ್ತು ವರ್ಷ ಶಾಲೆ ಬಸ್ಸು ಓಡಿಸಿದವಳು,
ಈಗಲೂ ಬಾಗಿಲು ದಾಟುವ ಮುಂಚೆ ಕನ್ನಡಿ ಹುಡುಕುವವಳು.
ಸಕ್ಕರೆ, ಅಂದೆ.
"ಸಕ್ಕರೆ?"
ಚಹಾದ್ದಲ್ಲ. ಅದಕ್ಕಿಂತ ಚಿಕ್ಕದು.
ಮ್ಯಾನೋಸ್, ಗ್ಯಾಲಕ್ಟೋಸ್, ರ‍್ಯಾಮ್ನೋಸ್.
ಕೇಳಿದರೆ ಒಂದೇ ಬೀದಿಯ ಮೂವರು ಅಕ್ಕತಂಗಿಯರು.
ಅವಳು ನಗುತ್ತಾಳೆ, ದಿನಾ ಇನ್ಸುಲಿನ್ ಚುಚ್ಚಿಕೊಳ್ಳುವವಳು:
"ನನಗೆ ಮುಟ್ಟಬೇಡ ಅಂದದ್ದರಲ್ಲಿ ಇವನಿಗೆ ಸ್ನಾನ!"

ನನಗೂ ಮೊದಲು ನಂಬಿಕೆ ಬರಲಿಲ್ಲ.
ಸಕ್ಕರೆ ಇದ್ದಲ್ಲಿ ಇರುವೆ ಎಂದೇ ಬೆಳೆದವಳು ನಾನು;
ಡಬ್ಬಿಯನ್ನು ನೀರಿನ ತಟ್ಟೆಯ ನಡುವೆ ಇಟ್ಟು
ದ್ವೀಪ ಮಾಡುತ್ತಿದ್ದವಳು ಅಮ್ಮ.

ಡಾಕ್ಟರು ಕಾಗದದ ಮೇಲೆ ಗೀಚಿ ತೋರಿಸಿದ್ದರು:
ದ್ರಾಕ್ಷಿ ಗೊಂಚಲಿನಂಥ ಸ್ಟ್ಯಾಫಿಲೊಕಾಕಸ್,
ಒಂದೊಂದು ಹಣ್ಣಿಗೂ ಗಿಡ್ಡ ಗಿಡ್ಡ ಕೈ.
ಚರ್ಮದ ಜೀವಕೋಶದ ಮೇಲೂ ಸಕ್ಕರೆಯ ಹಿಡಿಕೆಗಳಿವೆಯಂತೆ.
ಅವನ್ನೇ ತಡಕಿ, ಹಿಡಿದು, ನೇತು, ಆಮೇಲೆ ಸಂಸಾರ.
ಆ ಕೈಗಳಿಗೆ ಮೊದಲೇ ಸಕ್ಕರೆ ತುರುಕಿಬಿಟ್ಟರೆ?
ಹಿಡಿಯಲು ಬೆರಳೇ ಉಳಿಯುವುದಿಲ್ಲ.
ಕೊಲ್ಲುವುದಿಲ್ಲ, ಅಂದರು. ಕೈ ತುಂಬುತ್ತೇವೆ, ಅಷ್ಟೆ.
ಎಲ್ಲವೂ ಬಿಡುವುದಿಲ್ಲ, ಅಂತಲೂ ಅಂದರು, ಪೆನ್ನಿಗೆ ಮುಚ್ಚಳ ಹಾಕುತ್ತ.

ಬೆಲ್ಲ ಕೊಟ್ಟು ಕೊಲ್ಲುವ ಗಾದೆ ಗೊತ್ತಿತ್ತು.
ಬೆಲ್ಲ ಕೊಟ್ಟು ಬಿಡಿಸುವುದಕ್ಕೆ ನಮ್ಮಲ್ಲಿ ಗಾದೆ ಸಿಗಲಿಲ್ಲ.

ಹತ್ತು ನಿಮಿಷ ನೊರೆ ಹಾಗೇ ಇರಬೇಕು.
ಗ್ರೇವಿ ಮೈಕೊಡವದಂತೆ ಅವನ ಕಿವಿಯ ಬುಡ ಸವರುತ್ತ
ನೊಯೆಲೀನ್ ತನ್ನ ಬಸ್ಸಿನ ದಾರಿ ಹೇಳುತ್ತಾಳೆ:
ಯುರಾನ್‌ಕ್ವಿಂಟಿ ತಿರುವು, ರೈಲ್ವೆ ಗೇಟು,
ಟ್ರೆಂಬತ್ತರ ಕುರಿದೊಡ್ಡಿ,
ಅವಳಿ ಹುಡುಗರು ದಿನಾ ತಡ ಮಾಡುತ್ತಿದ್ದ ಕೆಂಪು ಅಂಚೆಡಬ್ಬ.
ಅವನು ಒಂದೊಂದು ನಿಲ್ದಾಣಕ್ಕೂ ಬಾಲ ಅಲ್ಲಾಡಿಸುತ್ತಾನೆ.

ಎಂಟನೆಯ ನಿಮಿಷಕ್ಕೆ ನನಗೆ ಶಿಶುವಿಹಾರ ನೆನಪಾಯಿತು.
ಮೊದಲ ವಾರ. ಮಿಂಚು ನನ್ನ ಯೂನಿಫಾರ್ಮಿನ ಜೇಬಿಗೆ
ಹತ್ತೂ ಬೆರಳು ಹೂಡಿ ನಿಂತಿದ್ದಳು.
ಟೀಚರು ಎಳೆಯಲಿಲ್ಲ, ಗದರಲಿಲ್ಲ.
ಒಂದು ಕೈಗೆ ಕಿತ್ತಳೆಯ ತೊಳೆ ಕೊಟ್ಟಳು.
ಇನ್ನೊಂದಕ್ಕೂ ಕೊಟ್ಟಳು.
ಜೇಬು ತಾನಾಗಿ ಸಡಿಲವಾಯಿತು.
ಕಾರಿನವರೆಗೆ ನಡೆದೆ, ಕೀಲಿಗೆ ಕೈಹಾಕಿದೆ.
ಜೇಬಿನ ಅಂಚು ಇನ್ನೂ ಒದ್ದೆ,
ಅವಳ ಮೂಗಿನದೋ ಕಣ್ಣಿನದೋ.
ಗೆದ್ದೆ ಅನ್ನಿಸಲಿಲ್ಲ.

"ಟೈಮ್ ಆಯ್ತು," ಅಂದಳು ನೊಯೆಲೀನ್, ಚಾಲಕಿಯ ದನಿಯಲ್ಲಿ.
ಶವರ್ ತಿರುಗಿಸಿದೆ. ಉಗುರುಬೆಚ್ಚಗೆ.
ಬೆನ್ನಿಂದ ಬದಿಗೆ, ಬದಿಯಿಂದ ಹೊಟ್ಟೆಗೆ,
ನೊರೆ ಬೂದಿಬಣ್ಣಕ್ಕೆ ತಿರುಗಿ ಜಾಲರಿಗೆ ಇಳಿಯಿತು.
ಎಷ್ಟು ಸಾವಿರವೋ, ಕೈತುಂಬ ಸಿಹಿ ಹಿಡಿದುಕೊಂಡು
ಎಲ್ಲಿಗೆ ಎಂದು ತಿಳಿಯದೆ ಹೊರಟವರು.
ಎಷ್ಟೋ ಉಳಿದರು.
ಶುಕ್ರವಾರ ಮತ್ತೆ ಬನ್ನಿ, ಅಂದೆ.

ಗ್ರೇವಿ ಮೈಕೊಡವಿದ. ಇಬ್ಬರ ಮುಖಕ್ಕೂ ಸಿಡಿಯಿತು.
ನೊಯೆಲೀನ್ ಆಚೀಚೆ ನೋಡಿ,
ತುಟಿಯ ಮೇಲಿನ ಹನಿಗೆ ನಾಲಿಗೆ ಮುಟ್ಟಿಸಿ
ಮುಖ ಹಿಂಡಿದಳು:
"ಬರೀ ಸೋಪು. ಸಿಹಿಯೇ ಇಲ್ಲ."