ಸಂದು

ಪುಸ್ತಕದಾಗ ಬರೆದದ:
ಆಯತಾಕಾರದ ಉದ್ಯಾನವನದ ಉದ್ದ ನಲವತ್ತು ಮೀಟರು,
ಅಗಲ ಇಪ್ಪತ್ತೈದು. ಹುಲ್ಲು ಹಾಸಲು ತಗಲುವ ಖರ್ಚೆಷ್ಟು?
ಶಹಾಬಾದಿನ ಎಂಟನೇ ತರಗತಿ ಸುಮ್ಮನ ಕೂತಿತ್ತು.
ಹಿಂದಿನ ಬೆಂಚಿನಿಂದ ಜಮಲಾಬಾಯಿ:
"ಟೀಚರ್, ಹುಲ್ಲು ತಾನೇ ಬರ್ತದಲ್ರೀ, ಅದಕ್ಕ ರೊಕ್ಕ ಯಾಕ?"

ಒಂಬತ್ತು ವರ್ಷದಿಂದ
ಅದೇ ಉದ್ಯಾನಕ್ಕ ಅದೇ ಹುಲ್ಲು ಹಾಸ್ತಾ ಬಂದಾಕಿ ನಾನು.

ಆ ರಾತ್ರಿ ಪಾಠಯೋಜನೆ ವಹಿ ತೆಗೆದು
ಘಟಕ ಮೂರರ ಮ್ಯಾಲ ಅಡ್ಡ ಗೀಟು ಎಳೆದೆ.
'ವಿದ್ಯಾರ್ಥಿಗಳು ಸೂತ್ರವನ್ನು ಸ್ಮರಿಸುವರು' ಅಂತಿದ್ದ ಕಡೆ ಬರೆದೆ:
ಇವರಿಗೆ ಏನು ಬೇಕಾಗ್ಯದ?
ಬರೆದು, ಪೆನ್ನು ಹಿಡಕೊಂಡು ಕೂತೇ ಇದ್ದೆ.
ವಾಡಿ ಕಡೀಗಿ ಹೊಂಟ ಗೂಡ್ಸು ಪೂರ್ತಿ ದಾಟಿ ಹೋತು.

ಮರುದಿನ ಅವರನ್ನೇ ಕೇಳಿದೆ.
ಸಾಯಬಣ್ಣಗ ಬೇಕಾದದ್ದು, ಮುಕಾದಮ ಹೇಳೋ ಲೆಕ್ಕ ಖರೇನೋ ಸುಳ್ಳೋ.
ತೌಫೀಖಗ, ಎಷ್ಟು ಫರಸಿ ಏರಿಸಿದ್ರ ಅಪ್ಪನ ಲಾರಿ ಟಯರು ಒಡೀತದ.
ಜಮಲಾಬಾಯಿಗಿ, ಅವ್ವನ ಲಂಗದ ಘೇರಿಗಿ
ಎಷ್ಟು ಅರಿವಿ, ಎಷ್ಟು ಕನ್ನಡಿ.
ಚೆನ್ನವೀರಮ್ಮ ಮಾತ್ರ,
"ನನಗೇನೂ ಬ್ಯಾಡ್ರಿ, ಫ್ಯಾನಿನ ಕೆಳಗ ಥೋಡೆ ಜಾಗಾ ಕೊಡ್ರಿ."
ಅದನ್ನೂ ಬರಕೊಂಡೆ.
ಅದೂ ಕ್ಷೇತ್ರಫಲನೇ.

ಸಾಲಿಯ ನೆಲ ಅಳೆದ್ವಿ, ಅಂಗಳ ಅಳೆದ್ವಿ,
ಒಡೆದ ಮೂಲಿಯ ಫರಸಿ ತ್ರಿಕೋನ ಆತು.
ನನ್ನ ಬಿರುಕು ಗಾಜಿನ ಫೋನಿನಾಗ
ನಲವತ್ತೊಂದು ಹೆಸರು, ನಲವತ್ತೊಂದು ಫೋಲ್ಡರು.
ಬರೀಲಿಕ್ಕ ಬಾರದವರು ಮಾತಾಡಿದ್ರು, ಫೋನು ಕೇಳಿತು.
ತಪ್ಪು ಅಳಿಸಬ್ಯಾಡ್ರಿ, ತಪ್ಪಿನ ಫೋಟೋನೂ ತಾರೀಖಿನ ಸಮೇತ ಇರ್ಲಿ ಅಂದೆ.
ಶ್ರಾವಣದಾಗ ಹೆಂಗ ಬರೀತಿದ್ದಿ ಅಂತ
ಸಂಕ್ರಾಂತಿಗಿ ನೀನೇ ನೋಡಬೇಕು.
ಜಾಗಾ ಇಲ್ಲ ಅಂತ ಫೋನು ಒದರಿದಾಗ
ತಂಗಿ ಮದಿವಿ ಫೋಟೋ ತೆಗೆದು ಹಾಕಿದೆ:
ಮೊದಲು ಊಟದ ಪಂಕ್ತಿ,
ಆಮ್ಯಾಲ, ಮನಸ್ಸಿಲ್ಲದ ಮನಸ್ಸಿನಿಂದ, ಅಕ್ಕಿಕಾಳು.

ಸಾಹೇಬರು ತಪಾಸಣೆಗಿ ಬಂದ್ರು. "ಅಂಕ ಎಲ್ಲವ್ರೀ ಮೇಡಂ?"
ಜಮಲಾಬಾಯಿ ಧ್ವನಿ ಹಚ್ಚಿದೆ.
ಆರು ನಿಮಿಷ ಗೋರ್‌ಮಾಟಿ, ನಡುನಡುವ 'ಚದರ ಅಡಿ', ಒಂದು ನಗು,
ಮತ್ತ 'ಚದರ ಅಡಿ'.
ಪೂರಾ ಕೇಳಿದ್ರು, ಸುಳ್ಳು ಯಾಕ ಹೇಳ್ಲಿ.
"ಇದನ್ನ ಯಾವ ಕಾಲಮ್ಮಿಗೆ ಹಾಕ್ತೀರಿ?" ಅಂದ್ರು.
ನಾ ಚಹಾ ತರಿಸಿದೆ.

ಡಿಸೆಂಬರದಾಗ ಸಾಯಬಣ್ಣನ ಜಾಗಾ ಖಾಲಿ.
ಅಪ್ಪ ಫರಸಿ ಹಾಸೋ ಮೇಸ್ತ್ರಿ, ಪುಣೆಯಾಗ ದೊಡ್ಡ ಕೆಲಸ ಹಿಡಿದಿದ್ದ,
ಮನಿಮಂದಿಯೆಲ್ಲ ಹೋಗ್ಯಾರ.
ಹಾಜರಿಯಾಗ ಗೈರು, ಗೈರು, ಗೈರು, ಆಮ್ಯಾಲ ಕೆಂಪು ಗೀಟು.
ಫೋಲ್ಡರು ಮಾತ್ರ ಹಂಗೇ ಬಿಟ್ಟೆ.

ಫೆಬ್ರವರಿಯ ಒಂದು ರಾತ್ರಿ, ಹನ್ನೊಂದಾಗಿತ್ತು,
ಅವರಪ್ಪನ ನಂಬರಿನಿಂದ ಒಂದು ಫೋಟೋ.
ಯಾರದೋ ಖೋಲಿ. ನೆಲದ ತುಂಬ ನಮ್ಮೂರ ನೀಲಿ ಕಲ್ಲು.
ಹಿಂದ ಅವನ ದನಿ, ಥೋಡೆ ಒಡೆದದ:
"ಟೀಚರ್, ಖೋಲಿ ಹನ್ನೆರಡು ಹತ್ಲೆ. ಫರಸಿ ಎರಡು ಎರಡ್ಲೆ.
ಮೂವತ್ತು ಬರಬೇಕು, ಬರೋಬ್ಬರಿ.
ನಾ ಮೊದಲೇ ಹೇಳೀನಿ, ಎಲ್ರೂ ಶಾಣ್ಯಾ ಅಂದ್ರು.
ಆದ್ರ ಕೊನೀ ಸಾಲು ಕೂಡಲಿಲ್ರಿ.
ಅಪ್ಪ ಒಂದೊಂದು ಕಲ್ಲೂ ಎರಡು ಬೆರಳು ಕೊಯ್ದ.
ಲೆಕ್ಕ ತಪ್ಪಿಲ್ಲ, ಮೂರು ಸಲ ಮಾಡೀನಿ.
ಮತ್ತ ಆ ಎರಡು ಬೆರಳು ಜಾಗಾ ಯಾರು ತಿಂದ್ರು?"

ಫೋಟೋ ದೊಡ್ಡದು ಮಾಡಿ ನೋಡಿದೆ.
ಕಲ್ಲು ಕಲ್ಲಿನ ನಡುವ ಬಿಳಿ ಗೆರಿ,
ದಾರದಷ್ಟು ಸಿಮೆಂಟು.
ಪುಸ್ತಕದ ಆಯತಗಳು ಒಂದಕ್ಕೊಂದು ಅಂಟಿ ಕೂತಾವ.
ಅಲ್ಲಿ ಯಾರೂ ಯಾವತ್ತೂ ನೆಲ ಹಾಸಿಲ್ಲ.

ವಹಿ ತೆಗೆದೆ. ಘಟಕ ನಾಕು, ಅಂತ ಬರೆದು
ಪಕ್ಕಕ್ಕ: ಸಂದು.
ಉದ್ದೇಶದ ಕಡೆ ಖಾಲಿ ಬಿಟ್ಟೀನಿ, ಮುಂಜಾನೆ ನಲವತ್ತು ಮಂದೀನ ಕೇಳಬೇಕು.
ನಲವತ್ತೊಂದನೆಯವನಿಗಿ ಈಗಲೇ ಒತ್ತಿ ಕಳಿಸಿದೆ:
ಕೊಯ್ದ ಚೂರು ಒಗೀಬ್ಯಾಡೋ,
ಅಳೆದು ಕಳಿಸು.