ಹಾಳೆಯ ಕೊನೆಯ ಸಾಲು

ಉಪ್ಪಳದಿಂದ ಬರುವಾಗ ರೈಲಿನಲ್ಲಿ
ನೋಟುಪುಸ್ತಕದ ಹಾಳೆ ಹರಿದು ಏನೋ ಬರೆದಳು.
ತೋರಿಸೆಂದರೆ ಮುಷ್ಟಿಯೊಳಗೆ ಮಡಚಿದಳು.

ಕಾಸರಗೋಡು. ಆಸ್ಪತ್ರೆಯ ಮೂರನೇ ಮಹಡಿ.
ಗಾಜಿನ ಕೋಣೆಯೊಳಗೆ ಸದ್ದು ಕೇಳಿದಾಗಲೆಲ್ಲ
ಡಬ್ಬಿಗೊಂದು ಗೋಲಿ.
ಹೊರಗೆ ನಾನು, ಏನೂ ಕೇಳದವಳು,
ಅವಳ ಬೆರಳುಗಳನ್ನೇ ನೋಡುತ್ತಿದ್ದೆ.
ಗೋಲಿ ಬಹಳ ಹೊತ್ತು ಕೈಯಲ್ಲೇ ಇತ್ತು.

ಆಮೇಲೆ ಕಿವಿಯವರು, ಶೈಜಾ ಅಂತ ಹೆಸರು,
ಮಲಯಾಳದಲ್ಲಿ ವಿಚಾರಿಸಿದರು: ಕ್ಲಾಸಿನಲ್ಲಿ ಹೇಗೆ?
ಐದು ವರ್ಷದ ಅಭ್ಯಾಸ, ನಾನು ಬಾಯಿ ತೆರೆದೆ.
ಅವರು ಕುರ್ಚಿಯನ್ನೇ ತಿರುಗಿಸಿಬಿಟ್ಟರು, ಮಗಳ ಕಡೆಗೆ.

ಹಾಳೆ ಬಿಚ್ಚಿ ಓದಿದಳು:
ಫ್ಯಾನು ಹಾಕಿದರೆ ಟೀಚರ ಮಾತು ಅದೇ ತಿನ್ನುತ್ತದೆ.
ಅಜ್ಜಿ ಅಪ್ಪಿಕೊಂಡರೆ ಮಿಷನು ಶಿಳ್ಳೆ ಹಾಕುತ್ತದೆ,
ಹಾಗಾಗಿ ಅಜ್ಜಿ ಈಗ ಅಪ್ಪಿಕೊಳ್ಳುವುದಿಲ್ಲ.
ಸಿಂಚನಾ ಅಂತ ಕರೆದರೆ ಇಂಚನಾ ಮಾತ್ರ ಬರುತ್ತದೆ.
ರಾತ್ರಿ ಕರೆಂಟು ಹೋದರೆ ಅಮ್ಮನ ಬಾಯಿ ಕಾಣುವುದಿಲ್ಲ.
ಆಗ ಕತೆಗೆ ಹೂಂ ಅನ್ನುತ್ತೇನೆ, ಸುಮ್ಮನೆ.

ಸುಮ್ಮನೆ!
ಮೊಲ, ಮೊಸಳೆ, ಏಳು ಮಂದಿ ಅಣ್ಣಂದಿರು,
ಎಲ್ಲರಿಗೂ ಕತ್ತಲಲ್ಲಿ ಅದೇ ಹೂಂ.

ಹೇಳಬಾರದಿತ್ತಾ ಮಗಾ, ಅಂದೆ.
ನೀನು ಕೇಳಲಿಲ್ಲ, ಅಂದಳು.

ಏನಂದಳು, ಎಂದರು ಕಿವಿಯವರು.
ಹೇಳಹೋಗಿ ತಡವರಿಸಿದೆ.
ಅವರಲ್ಲಿ ಅದಕ್ಕೆ ಎರಡು ಮಾತು,
ಕಿವಿಗೊಂದು, ಪ್ರಶ್ನೆಗೊಂದು.
ನಮಗೋ, ಎರಡಕ್ಕೂ ಒಂದೇ.
ಯಾವುದನ್ನು ದಾಟಿಸಲಿ? ಎರಡೂ ನಿಜ.

ಅಷ್ಟರಲ್ಲಿ ನನ್ನ ಮೊಣಕೈ ಸರಿಸಿ
ಹಾಳೆಯ ಕೊನೆಯ ಸಾಲು ಓದಿದಳು,
ಗಟ್ಟಿಯಾಗಿ, ನೇರ ಅವರಿಗೇ:
ಕಿವಿಯೊಳಗಿನ ಅಚ್ಚು
ಹಸಿರು ಬಣ್ಣದ್ದು ಉಂಟಾ?
ಗಿಳಿಹಸಿರು?