ಸೊಂಟದ ಮಟ್ಟ

ಧನುವಿನ ಬೆಳಗು, ಶಿರಿಯ ಹೊಳೆಯ ಅಳಿವೆ.
ಸೊಂಟಮಟ್ಟ ನೀರಲ್ಲಿ ನಾನು
ಕಾಲಬೆರಳಲ್ಲೇ ಮರುವಾಯಿ ಹುಡುಕುತ್ತಿದ್ದೆ.
ಮಂಜಿನೊಳಗಿಂದ ಒಬ್ಬಳು ಬಂದಳು
ನೀರ ಮೇಲೆ ನಿಂತುಕೊಂಡೇ.

ದೋಣಿಯಲ್ಲ. ಇಸ್ತ್ರಿ ಹಲಗೆಯಂಥದ್ದು,
ಕೈಯಲ್ಲಿ ನೀಳ ಹುಟ್ಟು.
ಹಿಂದೆ ಕಡವಿನ ಅದ್ರಾಮನ ಮೊಮ್ಮಗ ಅಶ್ಫಾಕ
ಇನ್ನೊಂದು ಹಲಗೆಯಲ್ಲಿ,
ಮಂಗನ ಟೊಪ್ಪಿ, ಎರಡು ಸ್ವೆಟರು.

"ಇವಳ ಊರಲ್ಲಿ ಹಿಮದ ಚೂರುಗಳ ನಡುವೆ ಹೋಗುತ್ತಾರಂತೆ
ಸರಸಕ್ಕಾ" ಅಂದ, ಹಲ್ಲು ಕಟಕಟ.
ತೋಳಿಲ್ಲದ ಅಂಗಿಯವಳು ನಕ್ಕಳು
ನಮ್ಮ ಚಳಿಯನ್ನು ಕಂಡು,
ಮಗುವಿನ ಸಿಟ್ಟು ಕಂಡ ಹಾಗೆ.

ಏಳು ಭಾಷೆಯ ಊರು ನಮ್ಮದು.
ಕನ್ನಡದಲ್ಲಿ ಕೇಳಿದೆ, ತುಳುವಿನಲ್ಲಿ, ಮಲಯಾಳದಲ್ಲಿ:
ನೀರು ಕಲ್ಲಾದರೆ ಮರುವಾಯಿ ಏನು ಮಾಡುತ್ತದೆ?
ಒಂದೂ ತಾಗಲಿಲ್ಲ.
ಅಶ್ಫಾಕ ಹೇಳಿಕೊಟ್ಟ ಮೇಲೆ ತುಂಬ ಯೋಚಿಸಿದಳು.
ಯೋಚಿಸುತ್ತಲೇ ಬಿದ್ದಳು.

ಮುಖ ಮೇಲೆ ಬಂದಾಗ ಏನೋ ಕೂಗಿದಳು.
"ಬೆಚ್ಚಗಿದೆಯಂತೆ."
ಹೌದಲ್ಲ.
ಮೂವತ್ತು ವರ್ಷದಿಂದ ಇಲ್ಲೇ ನಿಂತಿದ್ದೇನೆ,
ಚಳಿ ನನಗೂ ಸೊಂಟದಿಂದ ಮೇಲೆಯೇ.

ಹಲಗೆ ಹತ್ತಿ, ಮೂಗು ಸೀಟಿ, ಉತ್ತರ ಕೊಟ್ಟಳು,
ಅಶ್ಫಾಕ ದಾಟಿಸಿದ:
ಕಲ್ಲಾಗುವುದು ಮೇಲಿನ ಒಂದು ಮೊಳ.
ಅಡಿಯಲ್ಲಿ ನೀರು ನೀರೇ.
ಅದಕ್ಕೆ ಗೊತ್ತೇ ಆಗುವುದಿಲ್ಲವಂತೆ.

ತಲೆ ಒರೆಸಲು ಬೈರಾಸು ಕೊಟ್ಟೆ.
ಕುತ್ತಿಗೆಗೆ ಸುತ್ತಿಕೊಂಡು ಹೋಗಿಯೇಬಿಟ್ಟಳು
ರೈಲುಸೇತುವೆಯ ಕಡೆಗೆ.
ಒಂದು ಸ್ವೆಟರು ಕಳಚುತ್ತ, ತೂರಾಡುತ್ತ ಅಶ್ಫಾಕ ಹಿಂದೆ.

ಹೊಸ ಬೈರಾಸು. ಇರಲಿ.
ಹೆಬ್ಬೆರಳಿಗೆ ಒಂದು ಸಿಕ್ಕಿತು, ದೊಡ್ಡದು,
ಬಾಯಿ ಬಿಗಿಹಿಡಿದು ಕೂತದ್ದು.